ಗೇಟು ಮುಟ್ಟಿ ಬರುತ್ತಿದ್ದ ದರ್ಜಿ

ದರ್ಜಿ ತೀರಿಕೊಂಡು ಹದಿನೆಂಟು ದಿನವಾಯಿತು. ನಮ್ಮ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದಿಲ್ಲ. ಆ ಸದ್ದಿಗೆ ತಲೆನೋವೆಂದು ಬೈಯುತ್ತಿದ್ದವರಿಗೇ ಈಗ ಕೈಗೆ ಕೆಲಸ ಹತ್ತುತ್ತಿಲ್ಲ. ದರ್ಜಿಯನ್ನು ಹೊಗಳಲು ಹೊರಟರೆ ಅವರೇ ನಕ್ಕುಬಿಡುತ್ತಿದ್ದರು. ಆದ್ದರಿಂದ ಅವರ ಓಟದ ಕಥೆಯಷ್ಟೇ ಸಾಕು.

ಐವತ್ತೆರಡು ತುಂಬುವವರೆಗೆ ದರ್ಜಿ ಬಸ್ಸಿನ ಹಿಂದೆಯೂ ಓಡಿದವರಲ್ಲ. ಅದಕ್ಕೂ ವರ್ಷಗಳ ಹಿಂದೆ, ತಾಯಿಯ ಕೊನೆಯ ದಿನ ಅಣ್ಣ ಬೆಳಿಗ್ಗೆಯೇ ಹೇಳಿಕಳುಹಿಸಿದ್ದರು. "ಇನ್ನೊಂದು ತೋಳು, ಅಷ್ಟೇ" ಎಂದು ಇವರು ಯಾರದೋ ಮದುವೆಯ ಕೋಟು ಮುಗಿಸಿ ಹೋಗುವಷ್ಟರಲ್ಲಿ ತಾಯಿ ಕಣ್ಣು ಮುಚ್ಚಿದ್ದರು.

"ಇನ್ನು ಈ ಮನೆಗೆ ಬರ್ಬೇಡ" ಎಂದರು ಅಣ್ಣ.

ಒಂಬತ್ತು ವರ್ಷ ದರ್ಜಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಅಷ್ಟು ವಿಧೇಯತೆ ಅವರು ಬೇರೆ ಯಾವ ವಿಷಯದಲ್ಲೂ ತೋರಿಸಿದವರಲ್ಲ.

ಒಂದು ಭಾನುವಾರ ಆರಾಧನೆ ಮುಗಿದಾಗ ಪಾಸ್ಟರ್ ಚರ್ಚಿನ ಬಾಗಿಲಲ್ಲೇ ದರ್ಜಿಯನ್ನು ಹಿಡಿದರು.

"ಪ್ರತಿ ವಾರ ದೇವರ ಹತ್ರ ಕ್ಷಮೆ ಬೇಡ್ತೀರಿ. ಅಣ್ಣನ ಹತ್ರ ಬೇಡಿದ್ದೀರಾ?"

"ಬಸ್ಸಲ್ಲಿ ಹೋದ್ರೆ ಇಪ್ಪತ್ತೇ ನಿಮಿಷಕ್ಕೆ ಮನೆ ಬಂದ್ಬಿಡುತ್ತೆ ಪಾಸ್ಟರೇ. ಏನು ಹೇಳೋದು ಅಂತ ಯೋಚ್ನೆ ಮಾಡೋಕೇ ಪುರುಸೊತ್ತಿರಲ್ಲ."

"ಹಾಗಾದ್ರೆ ಓಡ್ಕೊಂಡು ಹೋಗಿ."

ಪಾಸ್ಟರ್ ತಮಾಷೆಗೆ ಅಂದದ್ದು. ಮಾರನೆಯ ದಿನ ದರ್ಜಿ, ಪರದೆ ಹೊಲಿದು ಉಳಿದಿದ್ದ ಹಳದಿ ಬಟ್ಟೆಯಲ್ಲಿ ಚಡ್ಡಿ ಹೊಲಿದುಕೊಂಡರು.

ಅಣ್ಣನ ಮನೆಗೆ ಒಂಬತ್ತು ಕಿಲೋಮೀಟರ್. ಮೊದಲ ಶನಿವಾರ ಓಟ ಔಷಧಿ ಅಂಗಡಿಯ ಮೆಟ್ಟಿಲಿಗೇ ಮುಗಿಯಿತು. ಶುರುವಿನಲ್ಲೇ ಹಾರಾಡಿದರೆ ಸೇತುವೆಯ ಏರಿನಲ್ಲಿ ಜೀವ ಬಾಯಿಗೆ ಬರುತ್ತದೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಪಕ್ಕದಲ್ಲಿ ಹಾದುಹೋಗುವವರನ್ನು ನೋಡಿ ಹೊಟ್ಟೆ ಉರಿಸಿಕೊಂಡ ದಿನ ಕಾಲೂ ಸೋಲುತ್ತಿತ್ತು. ಪ್ರಾರ್ಥನೆಗೂ ಇದೇ ನಿಯಮವೆಂದು ಅವರು ಗಿರಾಕಿಗಳ ಸೊಂಟದ ಅಳತೆ ತೆಗೆಯುತ್ತಾ ಬೋಧಿಸುತ್ತಿದ್ದರು. ಟೇಪಿನೊಳಗೆ ಸಿಕ್ಕವರು ತಪ್ಪಿಸಿಕೊಳ್ಳುವುದಾದರೂ ಹೇಗೆ?

ಹನ್ನೊಂದನೆಯ ತಿಂಗಳಲ್ಲಿ ಅಣ್ಣನ ಗೇಟು ಸಿಕ್ಕಿತು. ದರ್ಜಿ ಅದನ್ನು ಮುಟ್ಟಿ, ತಿರುಗಿ, ಬಸ್ಸು ಹತ್ತಿದರು. ಹೀಗೇ ಆರು ಶನಿವಾರ.

"ಗೇಟು ಮುಟ್ಟೋಕೆ ಹೋಗ್ತೀರೇನ್ರೀ?" ಎಂದರು ಹೆಂಡತಿ. "ಅಂಚೆಯವನೂ ಬಾಗ್ಲು ತಟ್ತಾನೆ."

"ಇಷ್ಟು ದೂರ ಓಡಿದ್ದಕ್ಕೆ ಬೆಲೆ ಇಲ್ವಾ?"

"ಓಡಿದ್ದು ಕಾಲು. ತಪ್ಪು ಮಾಡಿದ್ದು ನೀವು."

ಏಳನೆಯ ಶನಿವಾರ ದರ್ಜಿ ಬಾಗಿಲು ತಟ್ಟಿದರು. ಒಂಬತ್ತು ಕಿಲೋಮೀಟರ್ ಉದ್ದಕ್ಕೂ ಬಾಯಿಪಾಠ ಮಾಡಿದ್ದ ಭಾಷಣ ಏದುಸಿರಿನಲ್ಲಿ ಕೊಚ್ಚಿಹೋಯಿತು.

"ತಪ್ಪಾಯ್ತಣ್ಣ" ಎಂದಷ್ಟೇ ಹೊರಟಿತು.

ಅಣ್ಣ ಅಡಿಯಿಂದ ಮುಡಿಯವರೆಗೆ ನೋಡಿದರು. ಹಳದಿ ಚಡ್ಡಿಯ ಮೇಲೆ ಕಣ್ಣು ಒಂದು ಕ್ಷಣ ನಿಂತಿತು. ಬಾಗಿಲು ಹಾಕಿದರು.

"ನಿಮ್ಮ ಪಾಲಿನದು ನೀವು ಮಾಡಿದ್ರಿ, ಬಿಡಿ" ಎಂದು ಪಾಸ್ಟರ್ ಸಮಾಧಾನ ಹೇಳಿದರು.

"ನಾನು ಹೇಳೋದು ಮುಗೀತು ಪಾಸ್ಟರೇ. ಅವನು ಬೈಯೋದು ಇನ್ನೂ ಬಾಕಿ ಇದೆಯಲ್ಲ."

ಮುಂದಿನ ಶನಿವಾರ ಅಣ್ಣ ಬೈದರು, ಬಾಗಿಲಲ್ಲೇ, ಅರ್ಧ ಗಂಟೆ. ತಾಯಿ ಎರಡು ಸಲ ಇವರ ಹೆಸರು ಕೇಳಿದ್ದರಂತೆ. ಅದು ದರ್ಜಿಗೆ ತಿಳಿದದ್ದು ಆಗಲೇ. ಕೋಟಿನ ಮಾತು ಎತ್ತದೆ, ತಲೆ ತಗ್ಗಿಸಿ, ಪೂರ್ತಿ ಕೇಳಿಸಿಕೊಂಡರು. ಆ ದಿನ ಬಸ್ಸು ಹತ್ತಲಿಲ್ಲ, ಮನೆಯವರೆಗೂ ನಡೆದೇ ಬಂದರು. ವಾರವಿಡೀ ಯಾರಿಗೂ ಏನನ್ನೂ ಬೋಧಿಸಲಿಲ್ಲ.

"ಈ ಶನಿವಾರ ಬಿಟ್ಬಿಡಿ" ಎಂದು ಹೆಂಡತಿಯೇ ಹೇಳಿದರು. ದರ್ಜಿ ಹೋದರು. ತಟ್ಟುವ ಮೊದಲೇ ಬಾಗಿಲು ತೆರೆಯಿತು.

"ವಾರ ವಾರ ಹೀಗೆ ಬಂದು ನಿಂತ್ರೆ ಬೀದಿಯವರು ನನ್ನನ್ನೇ ಕಲ್ಲೆದೆಯವನು ಅಂತಾರೆ" ಎಂದರು ಅಣ್ಣ. "ನೊಣ ಬೇರೆ ನುಗ್ತಿದೆ. ಒಳಗೆ ಬಾ."

ದರ್ಜಿ ಹೊಸ್ತಿಲಲ್ಲಿ ಕೂತು ಶೂ ಬಿಚ್ಚಹೊರಟರು. ಅವಸರಕ್ಕೆ ಎಳೆದ ದಾರ ಕಗ್ಗಂಟಾಯಿತು. ಅಣ್ಣ ಗೊಣಗುತ್ತಲೇ ಬಗ್ಗಿ, ಗಂಟು ಬಿಡಿಸತೊಡಗಿದರು.