ಅಬೋಲಿಬಾಯಿ ಕೂಗಿದ ಹೆಸರು

ವಚ್ಛಲಾ ಪೈಂಗಿಣಕರ್ ಸಿಟ್ಟಿನ ಹೆಂಗಸು ಎಂಬುದು ಗಿರಗಾಂವದ ಚಾಳಿನಲ್ಲಿ ನಲ್ಲಿಗೂ ಗೊತ್ತಿತ್ತು. ನೀರಿನ ಸರದಿಯಲ್ಲಿ ಅವಳ ಕೊಡವನ್ನು ಆಚೆ ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಡಬ್ಬಿ ಸಿಕ್ಕಿಸಿಕೊಂಡು ಊರಿನವರ ಮಾತನ್ನೆಲ್ಲ ಜೋಡಿಸುತ್ತ ಮುದುಕಿಯಾದವಳು. ಹೆಂಗಸರಿಗೊಂದು ಕಕ್ಕಸು ಕೊಡಿ ಎಂದು ಬೇಡಿ ಬೇಡಿ ಸಾಕಾಗಿ, ಒಂದು ದಿನ ಸಾಹೇಬನ ಕೋಣೆಗೆ ತಗಡಿನ ಬಕೆಟ್ ತಂದಿಟ್ಟು, "ನೀವು ಹೊರಗ ನಡೀರಿ, ಇವತ್ತಿಂದ ನಮ್ಮ ಕಕ್ಕಸು ಇದs" ಅಂದಿದ್ದಳು. ಕಕ್ಕಸು ಆಯಿತು. ವಚ್ಛಲಾಳಿಗೆ ಬಡ್ತಿ ಮಾತ್ರ ಕೊನೆವರೆಗೂ ಬರಲಿಲ್ಲ. ಮದುವೆಯನ್ನು ಅವಳೇ ಬೇಡವೆಂದಳು. ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಪೈಂಗಿಣಕರ್ ಅಂದ್ರ ಗೋವಾದ ಯಾವ ಪೈಕಿ?" ಎಂದು. ಗುಡಿಯಲ್ಲಿ ಹಾಡುವ ಹೆಂಗಸರ ಪೈಕಿ ಎಂದು ಅವಳು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ನಿವೃತ್ತಿಯಾದ ಮೇಲೆ ಅವಳನ್ನು ರವಿವಾರದ ಶ್ರವಣ ಮಂಡಳಕ್ಕೆ ಎಳೆದು ತಂದವಳು ಎಕ್ಸ್‌ಚೇಂಜಿನ ಗೆಳತಿ ಫಿಲೋಮಿನಾ. ಸಂಗೀತದ ಮೋಹಕ್ಕಲ್ಲ. ಸಭಾಗೃಹದ ಮೆಟ್ಟಿಲ ಕೆಳಗೆ ಖಂಡೂ ಎಂಬವನು ಬಟಾಟೆವಡೆ ಕರಿಯುತ್ತಿದ್ದ, ಅದಕ್ಕೆ. ಮೇಲೆ ಅಪ್ಪಾಸಾಹೇಬ ಮೋಘೆ ಎಂಬ ನಿವೃತ್ತ ವಕೀಲರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಳೇ ಗಾಯನದ ತುಣುಕುಗಳನ್ನು ಕೇಳಿಸುತ್ತಿದ್ದರು. ಅಷ್ಟು ಕೇಳಿಸಿ ಗುಂಡಿ ಒತ್ತಿ ನಿಲ್ಲಿಸಿ, "ಹೇಳ್ರಿ ನೋಡೋಣು, ರಾಗ ಯಾವುದು, ಕಂಠ ಯಾರದು?" ಅನ್ನುವರು. ಧೋತರದ ಮುದುಕರು ಕಣ್ಣು ಮುಚ್ಚಿ ತಲೆಯಾಡಿಸಿ, ಒಬ್ಬರನ್ನೊಬ್ಬರು ಕಡಿದುಕೊಂಡು ಸಾಯುವರು. ವಚ್ಛಲಾಳೂ ಕೈ ಎತ್ತುವಳು. ಅವಳಿಗೆ ಬರುತ್ತಿದ್ದದ್ದು ಒಂದೇ ರಾಗ.

"ಭೂಪ್!"

"ಬಾಯಿ, ಇದು ತೋಡಿ."

"ಇದ್ದೀತು. ಮುಂದಿಂದು ಭೂಪ್."

ಹೀಗಾಗಿ ಇಡೀ ಮಂಡಳಕ್ಕೆ ಅವಳು ಭೂಪ್‌ಬಾಯಿ. ಅವಳೂ ನಗುತ್ತಿದ್ದಳು. ವಡೆ ಬಿಸಿಯಾಗಿರುತ್ತಿತ್ತು, ನಕ್ಕರೆ ಏನು ಗಂಟು ಹೋಗುವುದಿತ್ತು.

ಒಂದು ರವಿವಾರ ಅಪ್ಪಾಸಾಹೇಬರು ಕೊನೆಗೊಂದು ತುಣುಕು ತೆಗೆದರು. "ಇದು ಅನಾಮಿಕ. ಚೋರ್ ಬಾಜಾರದಾಗ ಸಿಕ್ಕ ಗ್ರಾಮೋಫೋನ್ ತಟ್ಟೆ. ಮೇಲಿನ ಕಾಗದ ಒದ್ದಿಯಾಗಿ ಉದುರಿಹೋಗಿತ್ತು. ನನಗೂ ಹತ್ತವಲ್ದು. ಹೇಳಿದವರಿಗೆ ಸನ್ಮಾನ."

ಕರಕರ ಸದ್ದಿನ ಒಳಗಿಂದ ಒಂದು ಹೆಣ್ಣು ದನಿ ಎದ್ದಿತು. ತಾನ ಗಿರಕಿ ಹೊಡೆದು ಇಳಿಯಿತು, ನಲ್ಲನನ್ನು ಕರೆಯುವ 'ಪಿಯರವಾ' ಎಂಬಲ್ಲಿಗೆ ಬಂದು ನಿಂತಿತು. ಆದರೆ ಆಕೆ ಪಿಯರವಾ ಅನ್ನಲಿಲ್ಲ. ಮೂಗಿನಿಂದ 'ಪಿಯರವಾಂ' ಅಂದಳು. ಸಭೆ ಘೊಳ್ಳೆಂದು ನಕ್ಕಿತು.

"ಬಾಯಿಗೆ ನೆಗಡಿ ಆಗೇದ್ರಿ ಅಪ್ಪಾಸಾಹೇಬ್!"

ವಚ್ಛಲಾ ನಗಲಿಲ್ಲ. ಕೊಂಕಣಿ ಬಾಯಿ ಅದು. ಅವಳ ಮನೆಯಲ್ಲಿ ಆ 'ವಾಂ' ಹಳೇ ಚೇಷ್ಟೆ. ಸಣ್ಣವಳಿದ್ದಾಗ ಇವಳೂ ತಮ್ಮ ಪ್ರಭಾಕರನೂ ಅಜ್ಜಿಯ ಸುತ್ತ ಕುಣಿಯುತ್ತ "ಪಿಯರವಾಂ, ಬಾಂಗಡೆವಾಂ" ಎಂದು ಅಣಕಿಸಿದರೆ, ಅಜ್ಜಿ ಎಲೆಅಡಿಕೆಯ ಬಾಯಿಯಿಂದಲೇ ಬೈಯುತ್ತ ಅಟ್ಟಿಸಿಕೊಂಡು ಬರುತ್ತಿದ್ದಳು.

"ನಮ್ಮಜ್ಜಿ," ಅಂದಳು ವಚ್ಛಲಾ. ಯಾರಿಗೂ ಕೇಳಲಿಲ್ಲ. ಎದ್ದು ನಿಂತು ಎಕ್ಸ್‌ಚೇಂಜಿನ ದನಿ ತೆಗೆದಳು. "ಅಕಿ ನಮ್ಮಜ್ಜಿ! ಅಬೋಲಿಬಾಯಿ!"

"ಭೂಪ್‌ಬಾಯಿ, ಮೊದಲ ರಾಗ ಹೇಳ್ರಿ!"

"ರಾಗದ ಮನಿ ಹಾಳಾಗ್ಲಿ! ಅಪ್ಪಾಸಾಹೇಬ್, ಮುಂದ ಬಿಡ್ರಿ ಅದನ್ನ. ಹಾಡು ಮುಗಿದ ಮ್ಯಾಲ ಅಕಿ ಹೆಸರು ಹೇಳ್ತಾಳ. ಆಗಿನವರೆಲ್ಲಾ ಹೇಳ್ತಿದ್ರಲ್ಲ!"

ಹೇಳುತ್ತಿದ್ದರು, ನಿಜ. ತಟ್ಟೆ ಅಚ್ಚಾಗುತ್ತಿದ್ದದ್ದು ಪರದೇಶದ ಕಾರಖಾನೆಯಲ್ಲಿ. ಅಲ್ಲಿನವರಿಗೆ ಯಾರ ಹಾಡು ಎಂದು ತಿಳಿಯಲಿ ಎಂದು, ಹಾಡು ಮುಗಿದೊಡನೆ ಹಾಡಿದವರೇ ದನಿ ಹಿಡಿಯುವ ಯಂತ್ರದ ಕಹಳೆಯ ಬಾಯಿಗೆ ತಮ್ಮ ಹೆಸರನ್ನು ಕೂಗಬೇಕಿತ್ತು. ಅಬೋಲಿಬಾಯಿಗೆ ಹಾಡಿನ ಚಿಂತೆ ಇರಲಿಲ್ಲವಂತೆ, ಕೂಗಿನದೇ ಚಿಂತೆ. ಬಂದರಿನ ಪಕ್ಕದ ಬಿಡಾರದಲ್ಲಿ, ಹಾಡು ತುಂಬಿಸುವ ಹಿಂದಿನ ದಿನವೆಲ್ಲ ಗೋಡೆಗೆ ಮುಖ ಮಾಡಿ ತನ್ನ ಹೆಸರನ್ನೇ ತಾಲೀಮು ಮಾಡಿದಳಂತೆ. "ನನ್ನ ಪೂರಾ ಹೆಸರು ಯಾರು ಕೇಳಿದ್ರು ಮಗಾ?" ಅನ್ನುತ್ತಿದ್ದಳು ವಚ್ಛಲಾಳ ಬಳಿ. "ಗುಡಿಯವರು ಏ ಅಂದ್ರು. ಇಟ್ಟುಕೊಂಡ ಸಾವಕಾರ ಅಕಿ ಅಂದ. ತಟ್ಟೆ ಮಾಡೋ ಆ ಬಿಳಿ ಮನಷ್ಯಾ ಒಬ್ಬನs ನೋಡು, ಹೆಸರು ಜೋರಾಗಿ ಕೂಗು ಅಂದಾಂವ."

ಅಪ್ಪಾಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಮುಂದ ಏನಿಲ್ರಿ ಬಾಯಿ. ಟೇಪಿಗೆ ಇಳಿಸೋವಾಗ ಆ ಕೊನೀದೆಲ್ಲಾ ನಾ ತೆಗೀತೀನಿ."

"ತೆಗೀತೀನಿ ಅಂದ್ರ?"

"ಕತ್ತರಿ ಹಾಕ್ತೀನಿ. ಏನದ, ರಾಗ ಮುಗಿದ ಮ್ಯಾಲ ಶಾಂತಿ ಇರಬೇಕು. ಈ ಬಾಯಂದಿರು ಕಾಯಿಪಲ್ಲೆ ಮಾರೋರಗತೆ ಕಿರಿಚೋದು... ರಸಭಂಗ."

"ಕಿರಿಚಿದ್ದು ಏನಂತ? ಕೇಳಿದ್ರಲ್ಲ ನೀವು?"

"ಏನೋ ಒಂದು ಬಾಯಿ. ಬರ್ಕೊಳ್ಳಿಲ್ಲ."

"ಹಂಗಾರ ಅನಾಮಿಕ ಯಾಕಂತೀರಿ?" ಅಂದಳು ವಚ್ಛಲಾ. "ಹೆಸರು ಇಲ್ಲದಾಕಿ ಅಲ್ಲ ಅಕಿ. ನೀವು ಕೊಯ್ದಾಕಿ! ತಟ್ಟೆ ತರ್ರಿ, ಈಗ!"

ತಟ್ಟೆ ಮನೆ ಬದಲಿಸುವಾಗ ಒಡೆದುಹೋಗಿತ್ತು.

ಸಭೆಯಲ್ಲಿ ಯಾರೋ ಒಬ್ಬ ಜಾಣ, "ಅಬೋಲಿ ಅಂದ್ರs ಮಾತಾಡದಾಕಿ ಅಲ್ರಿ? ಹೆಸರಿಗೆ ತಕ್ಕಂಗ ಸುಮ್ಮನಾದ್ಲು ಬಿಡ್ರಿ" ಎಂದು ಶ್ಲೇಷೆ ಮಾಡಿದ. ಮರಾಠಿಯಲ್ಲಿ ಆ ಅರ್ಥವೂ ಇದೆ. ಗೋವೆಯಲ್ಲಿ ಅದು ಕನಕಾಂಬರ, ಹೆಂಗಸರು ಮುಡಿಯುವ ಹೂವು. ವಚ್ಛಲಾ ಕೈಯಲ್ಲಿದ್ದ ಛತ್ರಿ ಎತ್ತಿದಳು. ಫಿಲೋಮಿನಾ ಅವಳ ಸೊಂಟ ಹಿಡಿದು ಮೆಟ್ಟಿಲಿಳಿಸಿದಳು.

"ಬಿಡು ಫಿಲೋ, ಒಂದ ಏಟು!"

"ಏಟು ಹಾಕಿದ್ರ ಪೊಲೀಸ್ರು ನಿನ್ನ ಹೆಸರು ಬರ್ಕೋತಾರ. ಅಜ್ಜೀದು ಬರ್ಕೊಳ್ಳಂಗಿಲ್ಲ."

ಅಲ್ಲಿಂದ ಅವಳು ನೇರ ಹೋದದ್ದು ದಾದರಿನ ತಮ್ಮನ ಮನೆಗೆ. ಅಜ್ಜಿಯ ದನಿ ಬಲ್ಲ ಇನ್ನೊಂದು ಜೀವ ಅವನೊಬ್ಬನೇ. ಬಾಗಿಲ ಮೇಲಿನ ಹಲಗೆ 'ಪಿ. ನಾಯಕ್' ಅನ್ನುತ್ತಿತ್ತು. ಪೈಂಗಿಣಕರ್ ಹೆಸರನ್ನು ಅವನು ಬ್ಯಾಂಕಿನ ನೌಕರಿ ಹಿಡಿದಾಗಲೇ ಬಿಚ್ಚಿ ಎಸೆದಿದ್ದ. ಮಗಳ ಮದುವೆ ಗೊತ್ತಾದಾಗ ಅಜ್ಜಿಯ ತಂಬೂರಿ, ಫೋಟೋ, ತಟ್ಟೆಗಳನ್ನೆಲ್ಲ ಗೋಣಿಗೆ ತುಂಬಿ ರದ್ದಿಯವನಿಗೆ ಹಾಕಿದವನೂ ಅವನೇ. ಚೋರ್ ಬಾಜಾರಕ್ಕೆ ಆ ತಟ್ಟೆ ಹೋದ ದಾರಿ ಅದು.

"ಒಂದ ರವಿವಾರ ಬಾ ಪ್ರಭ್ಯಾ. ಅಕಿ ನಮ್ಮಜ್ಜಿ ಅಂತ ಹೇಳಿ ಹೋಗು. ನಾ ಒಬ್ಬಾಕೀನs ಹೇಳಿದ್ರ ನಗ್ತಾರ."

"ಅಕ್ಕಾ, ಮೆತ್ತಗ ಮಾತಾಡು. ಒಳಗ ಬೀಗ್ತಿ ಕೂತಾರ."

"ಪಿಯರವಾಂ ಅಂದ್ಲೋ. ಅದs ದನಿ."

ಪ್ರಭಾಕರನ ಮುಖ ಒಂದು ಗಳಿಗೆ ಹುಡುಗನದಾಯಿತು. ತುಟಿ ಅಲುಗಿತು. ಆಮೇಲೆ ಬಾಗಿಲು ಅರ್ಧ ಮುಚ್ಚಿಕೊಂಡು ಅಂದ, "ನಿನಗೇನ, ಮಕ್ಕಳಿಲ್ಲ ಮರಿ ಇಲ್ಲ. ನನಗ ಮರ್ಯಾದಿ ಅದ."

"ಅಕಿ ಹಾಡಿ ತಂದ ಅನ್ನ ಉಣ್ಣೋವಾಗ ಎಲ್ಲಿ ಇಟ್ಟಿದ್ದಿ ಅದನ್ನ?" ಎಂದು ವಚ್ಛಲಾ ಎಷ್ಟು ಜೋರಾಗಿ ಕೇಳಿದಳೆಂದರೆ ಮೂರು ಮಹಡಿಯ ಬಾಗಿಲುಗಳು ತೆರೆದುಕೊಂಡವು. ತಮ್ಮನದು ಮುಚ್ಚಿಕೊಂಡಿತು. ಅದು ಮತ್ತೆ ಅವಳಿಗೆ ತೆರೆಯಲಿಲ್ಲ. ಅವಳೂ ತಟ್ಟಲಿಲ್ಲ.

ಸಾಕ್ಷಿ ಇಲ್ಲ, ತಟ್ಟೆ ಇಲ್ಲ. ಅಪ್ಪಾಸಾಹೇಬರು ಕೆಟ್ಟವರೇನೂ ಅಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಇಂಥ ಕೆಟ್ಟವರಲ್ಲದವರೇ ವಚ್ಛಲಾಳಿಗೆ ಜೀವಮಾನವೆಲ್ಲ ಗಂಟು ಬಿದ್ದವರು. "ಆಧಾರ ಇಲ್ಲದs ಹೆಂಗ ಬರೀಲಿ ಬಾಯಿ?" ಎಂದು ಮೃದುವಾಗಿ ಹೇಳಿ, ಮಂಡಳದವರು ಮಾರಲಿದ್ದ ಕ್ಯಾಸೆಟ್ಟಿನ ಮೇಲೆ 'ಅಜ್ಞಾತ ಗಾಯಕಿ' ಎಂದು ಅಚ್ಚು ಹಾಕಿಸಿದರು. ತುಣುಕು ಬಹಳ ಮೆಚ್ಚಿಗೆಯಾಗಿತ್ತು. ಪ್ರತಿ ರವಿವಾರ ಕೊನೆಗೆ ಅದನ್ನೇ ಕೇಳಿಸುವ ರೂಢಿಯೂ ಆಯಿತು.

ಆ ರೂಢಿಯೇ ಅವಳಿಗೆ ಬಾಗಿಲು ತೆರೆಯಿತು. ಒಂದು ರವಿವಾರ ತಾನ ಇಳಿಯಿತು, ಪಿಯರವಾಂ ಅಂದಿತು, ಕತ್ತರಿ ಬಿದ್ದ ಜಾಗ ಬಂತು. ಮುದುಕರೆಲ್ಲ ಕಣ್ಣು ಮುಚ್ಚಿ ಶಾಂತಿ ಸವಿಯುತ್ತಿದ್ದಾಗ ವಚ್ಛಲಾ ಎದ್ದು ನಿಂತಳು. ಗೋಡೆಗೆ ತಾಲೀಮು ಮಾಡಿದವಳ ಮೊಮ್ಮಗಳು, ಆ ಕೂಗಿನ ಏರಿಳಿತ ಅವಳಿಗೆ ಬಾಯಿಪಾಠ.

"ಅಬೋಲಿಬಾಯಿ ಪೈಂಗಿಣಕರ್, ಗೋವೇಂ!"

ಹೊರಗೆ ಹಾಕಿದರು. ಅದರ ಮುಂದಿನ ವಾರ ಒಳಗೇ ಬಿಡಲಿಲ್ಲ. ಅವಳು ಕಿಟಕಿಯ ಕೆಳಗೆ ಮೆಟ್ಟಿಲ ಮೇಲೆ ಕುಳಿತು, ಕತ್ತರಿಯ ಜಾಗ ಬಂದ ಕೂಡಲೇ ಕೂಗಿದಳು. ಫಿಲೋಮಿನಾಳೂ ದನಿ ಸೇರಿಸಿದಳು. ಕಿಟಕಿ ಮುಚ್ಚಿದರು. ಸೆಖೆಗೆ ಮುದುಕನೊಬ್ಬ ತಲೆ ಸುತ್ತಿ ಬಿದ್ದ, ಮತ್ತೆ ತೆರೆದರು. ಕೊನೆಗೆ ಅಪ್ಪಾಸಾಹೇಬರೇ ಕೆಳಗಿಳಿದು ಬಂದು ಕೈಮುಗಿದರು.

"ಬಾಯಿ, ಆ ತುಣುಕು ಹಾಕೂದs ಬಿಟ್ಟಬಿಡ್ತೀವಿ. ಆತಲ್ಲ? ಇನ್ನ ಯಾತಕ್ಕ ಕೂಗ್ತೀರಿ?"

"ಹಾಡು ನೀವು ನಿಲ್ಸಬಹುದು," ಅಂದಳು ವಚ್ಛಲಾ. "ಹೆಸರು ನಿಮ್ಮ ಟೇಪಿನಾಗ ಇಲ್ಲಲ್ಲ, ಹೆಂಗ ನಿಲ್ಸ್ತೀರಿ?"

ತುಣುಕು ನಿಂತಿತು. ಅವಳು ನಿಲ್ಲಲಿಲ್ಲ. ರವಿವಾರ ಮಂಡಳದ ಕೊನೆಯ ಹಾಡು ಯಾರದೇ ಇರಲಿ, ಯಾವ ಪಂಡಿತನದೇ ಇರಲಿ, ಅದು ಮುಗಿದೊಡನೆ ಕೆಳಗಿನಿಂದ ಅಬೋಲಿಬಾಯಿಯ ಹೆಸರು ಬೀಳುತ್ತಿತ್ತು. ಕ್ಯಾಸೆಟ್ಟಿನ ಮೇಲಿನ 'ಅಜ್ಞಾತ' ಹಾಗೇ ಉಳಿಯಿತು. ಆದರೆ ವಡೆಯ ಖಂಡೂನಿಗೆ ಅದರಿಂದ ಅನುಕೂಲವಾಯಿತು. ಮೇಲೆ ಸಭೆ ಮುಗಿಯುವುದು ಗೊತ್ತಾಗದೆ ಅವನ ವಡೆ ಆರಿಹೋಗುತ್ತಿದ್ದವು. ಈಗ ಕೂಗು ಕೇಳಿದ ಮೇಲೆಯೇ ಬಾಣಲೆಗೆ ಬಿಡುತ್ತಾನೆ. ಯಾರಾದರೂ ಆತುರಗಾರರು ಬೇಗ ಬಂದು ವಡೆ ಕೇಳಿದರೆ, ವಡೆ ತೆಗೆಯುವ ಜಾರೆ ಒರೆಸುತ್ತ ಹೇಳುತ್ತಾನೆ:

"ನಿಂದ್ರಿ ಸಾಹೇಬ್. ಅಬೋಲಿಬಾಯಿ ಇನ್ನೂ ಆಗಿಲ್ಲ."