ಒಂದೇ ಸಲದ ಕೂಗು

ಪೆಂಬಾ ದ್ವೀಪದ ನಮ್ಮ ಕೇರಿಯಲ್ಲಿ ಉಪ್ಪುನೀರಿನ ಕಾಂಡ್ಲಾ ಕಾಡಿಗೆ ಇಳಿದವರು ಮಾತಾಡಿದರೆ ಒಂದು ಪದವನ್ನಾದರೂ ಎರಡು ಸಲ ಆಡುತ್ತಾರೆ. ಬಾ ಬಾ, ತಾ ತಾ, ನೀರು ಬಂತು ನೀರು ಬಂತು. ಹೆಸರು ಹಿಡಿದು ಕರೆಯುವುದೂ ಹಾಗೆಯೇ. ಕಾಡಿನ ಶೈತಾನನಿಗೆ ಅರ್ಧ ನಾಲಿಗೆ, ಅದು ಒಂದೇ ಸಲ ಕೂಗಬಲ್ಲದು. ಅದಕ್ಕೆ ಓಗೊಟ್ಟವರನ್ನು ಕೆಸರು ಎಳೆದುಕೊಳ್ಳುತ್ತದೆ. ಬಿಕೊಂಬೊ ಇದನ್ನು ನಡೆಯುವುದಕ್ಕೆ ಮೊದಲೇ ಕಲಿತವಳು.

ಅಂದು ಅವಳೂ ನಾದಿನಿ ಮೀಜೆಯೂ ಕಡಲಿನ ಇಳಿತದ ಹೊತ್ತಿನಲ್ಲಿ ಚಿಪ್ಪು ಆಯುತ್ತಿದ್ದರು. ಬಿಕೊಂಬೊಳ ಗಂಡ ಫಾಕಿ ಕಾಡಿನೊಳಗೆಲ್ಲೋ ಸೂರಿಗೆ ತೊಲೆ ಕಡಿಯುತ್ತಿದ್ದ. ಕೊಡಲಿಯ ಸದ್ದಿನ ನಡುವೆ “ಬಿಕೊಂಬೊ ಬಿಕೊಂಬೊ” ಎಂದು ಕೂಗುತ್ತಿದ್ದ. ಇವಳು “ಇದ್ದೀನಿ ಇದ್ದೀನಿ” ಎನ್ನುತ್ತಿದ್ದಳು.

“ಅತ್ತಿಗೆ ಅತ್ತಿಗೆ, ನಮ್ಮಣ್ಣ ತೊಲೆ ಕಡೀತಾನೋ, ನಿನ್ನ ಹೆಸರಲ್ಲಿ ತಸ್ಬಿ ಮಣಿ ಎಣಿಸ್ತಾನೋ?”

“ನಿನ್ನ ಗಂಡ ಕರೆಯಲ್ಲ ಅಂತ ಹೊಟ್ಟೆಯುರಿ ಹೊಟ್ಟೆಯುರಿ. ಬುಟ್ಟಿ ನೋಡ್ಕೋ, ತಳಾನೂ ಮುಚ್ಚಿಲ್ಲ.”

ಉಬ್ಬರ ಶುರುವಾಯಿತು. ಬೇರುಗಳ ನಡುವೆ ನೀರು ಗುಳುಗುಳು ಏರತೊಡಗಿತು. ಕೊಡಲಿಯ ಸದ್ದು ನಿಂತದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

“ಬಿಕೊಂಬೊ!”

ಅವಳು ಬಾಯಿ ತೆರೆದಳು. ಮೀಜೆ ಕೆಸರುಗೈಯಲ್ಲೇ ಆ ಬಾಯಿ ಮುಚ್ಚಿದಳು.

“ಸುಮ್ನಿರು ಸುಮ್ನಿರು. ಇನ್ನೊಂದು ಬರಲಿ.”

“ಅವರ ದನಿ ಕಣೇ, ಅವರ ದನಿ.”

“ದನಿ ಯಾರದ್ದಾದ್ರೂ ಮಾಡುತ್ತೆ ಅದು. ಅಣ್ಣ ಆಗಿದ್ರೆ ಇನ್ನೊಂದ್ಸಲ ಕೂಗಲ್ವಾ, ಕೂಗಲ್ವಾ?”

ನೀರು ಮೊಣಕಾಲಿಗೆ ಬರುವವರೆಗೂ ಕಿವಿಯಾಗಿ ನಿಂತರು. ಇನ್ನೊಂದು ಬರಲಿಲ್ಲ. ಮೀಜೆ ಅತ್ತಿಗೆಯನ್ನು ದರದರ ದಡಕ್ಕೆ ಎಳೆದಳು.

ಮರುದಿನದ ಇಳಿತದಲ್ಲಿ ಫಾಕಿ ಸಿಕ್ಕಿದ. ಅವನೇ ಕಡಿದ ಮರ ತೊಡೆಯ ಮೇಲೆ ಬಿದ್ದಿತ್ತು. ಮುಖ ಕೆಸರಲ್ಲಿ ಹೂತಿತ್ತು, ಬಾಯಿ ತುಂಬ ಹೂಳು.

ಯಾರೂ ಬಿಕೊಂಬೊಳನ್ನು ದೂರಲಿಲ್ಲ. “ಸರಿಯಾಗೇ ನಡ್ಕೊಂಡೆ ತಾಯಿ, ಯಾರಾದ್ರೂ ಹಾಗೇ ಮಾಡೋರು,” ಎಂದರು ಹಿರಿಯರು. ಒಬ್ಬರಾದರೂ ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ.

ವಿಧವೆ ಮನೆಯೊಳಗಿರಬೇಕಾದ ದಿನಗಳು ಕಳೆದು ಮತ್ತೆ ಕಾಡಿಗೆ ಇಳಿದಾಗ ಅವಳು ಬೇರೆಯೇ ಆಗಿದ್ದಳು. ಹಕ್ಕಿ ಒಂದು ಸಲ ಕೂಗಿದರೂ “ಬಂದೆ” ಎನ್ನುತ್ತಾಳೆ, ಕೊಂಬೆ ಕಿರ್ರೆಂದರೂ “ಬಂದೆ” ಎನ್ನುತ್ತಾಳೆ. ಅಷ್ಟಕ್ಕೇ ಸುಮ್ಮನಿರುವುದಿಲ್ಲ, ಬುಟ್ಟಿ ಬಿಟ್ಟು ಆ ದಿಕ್ಕಿಗೆ ನಡೆದೇಬಿಡುತ್ತಾಳೆ. ಹೆಂಗಸರು ಹೆದರಿದರು. ಒಬ್ಬೊಬ್ಬರಾಗಿ ಅವಳ ಜೊತೆ ಹೋಗುವುದನ್ನು ಬಿಟ್ಟರು. ಉಳಿದವಳು ಮೀಜೆ ಒಬ್ಬಳೇ, ಅವಳೂ ದಡದವರೆಗೆ ಮಾತ್ರ.

ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಮ್ಮೆ, ಕಾಡಿನೊಳಗಿಂದ ಏನೋ ಒಂದೇ ಸಲ ಕೂಗಿದಾಗ, ದಡದಲ್ಲಿ ಮೀಜೆ ಕೇಳಿಯೇಬಿಟ್ಟಳು. “ಅತ್ತಿಗೆ, ನಿಜಕ್ಕೂ ಶೈತಾನನೇ ಕೂಗಿದ್ರೆ?”

“ಕೂಗಲಿ ಬಿಡು. ಅದರ ಕಾಲೂ ಎಲ್ಲೋ ಸಿಕ್ಕಿಕೊಂಡಿರುತ್ತೆ.”

ಹಾಗೆಂದು ಬಿಕೊಂಬೊ ಸೆರಗು ಬಿಗಿದು ಬೇರುಗಳೊಳಗೆ ನುಗ್ಗಿದಳು. ಉಬ್ಬರ ಆಗಲೇ ಶುರುವಾಗಿತ್ತು. ಮೀಜೆ ದಡದಲ್ಲಿ ಬುಟ್ಟಿ ಹಿಡಿದು “ಅತ್ತಿಗೆ ಅತ್ತಿಗೆ, ಅತ್ತಿಗೆ ಅತ್ತಿಗೆ” ಎಂದು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದಳು.