ಮಾವಶಿಗೂ ಗೊತ್ತಿರದ ಪಾಸ್‌ವರ್ಡ್

ಮುಂಬೈ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಎದುರುಮನೆಯವರ ಬಾಯಲ್ಲಿ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ. ಲಿಫ್ಟಿಗೆ ಕಾಯುವವರಿಗೂ ಮನೆಯ ಸುದ್ದಿಯೆಲ್ಲ ಹೇಳಿ, ಅಂಗೈ ಝಾಡಿಸಿ, “ಹೇಳಿಬಿಟ್ಟೆ ನೋಡ್ರಿ, ಹಗುರಾತು” ಎನ್ನುತ್ತಿದ್ದರು.

ಹಪ್ಪಳ ಮಾರಿ ಕೂಡಿಸಿದ್ದೆಲ್ಲ ಅವರ ಬ್ಯಾಂಕ್ ಖಾತೆಯಲ್ಲಿತ್ತು. ಅದರ ಪಾಸ್‌ವರ್ಡನ್ನು ಫೋನಿನ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪೇ ಹುಟ್ಟಿಸಿ ಇಟ್ಟುಕೊಂಡಿತ್ತು. ಹೆಬ್ಬೆಟ್ಟು ಒತ್ತಿದರೆ ತಾನೇ ತುಂಬುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ಬ್ಯಾಂಕಿನವನೆಂದು ಹೇಳಿಕೊಂಡು ಯಾರೋ ಫೋನ್ ಮಾಡಿದ. ಸ್ಪೀಕರಿನಲ್ಲಿ ನನಗೂ ಕೇಳುವಂತೆ, ಖಾತೆ ಬಂದ್ ಆಗುತ್ತದೆಂದು ಹೆದರಿಸಿ ಪಾಸ್‌ವರ್ಡ್ ಕೇಳಿದ. ಮಾವಶಿ ತಮ್ಮ ಹರಕು ಹಿಂದಿಯಲ್ಲಿ ಸೊಸೆಯ ಮುನಿಸು, ಮಂಡಿನೋವು, ಕೊನೆಗೆ ಹಪ್ಪಳಕ್ಕೆ ಹಾಕುವ ಪಾಪಡ್‌ಖಾರವೆಂಬ ಉಪ್ಪಿನ ಅಳತೆಯನ್ನೂ ಅವನಿಗೆ ಹೇಳಿದರು. ಅವನು ಮತ್ತೆ ಪಾಸ್‌ವರ್ಡ್ ಎಂದ.

“ವೋ ತೋ ಮೇರೆಕೋ ಭೀ ಮಾಲೂಮ್ ನಹೀ ರೇ ಬಾಬಾ!”

ಅದು ಅವರಿಗೂ ಗೊತ್ತಿಲ್ಲವೆಂದು ಕೇಳಿ ಅವನು ಬೈದು ಫೋನ್ ಇಟ್ಟ.

“ಅವ ಕಳ್ಳ ಅಂತ ಹೆಂಗ ಗೊತ್ತಾತ್ರಿ ಮಾವಶಿ?” ಎಂದೆ.

“ಕಳ್ಳನೇನ ಅವಾ?” ಎಂದು ಕಣ್ಣರಳಿಸಿದರು. “ಗೊತ್ತಿದ್ದರ ಹೇಳೇ ಬಿಡತಿದ್ದೆ. ನನ್ನ ಬಾಯಿ ನನಗ ಗೊತ್ತಿಲ್ಲೇನವಾ? ಅದಕ್ಕ ನಾ ಅದನ್ನ ನೋಡಾಕ ಹೋಗಿಲ್ಲ.”